ಕಲ್ಲು, ಹಂಚು, ಅಕ್ಷರ

(ಶತಮಾನೋತ್ಸವದ ಹಳೆವಿದ್ಯಾರ್ಥಿ ಸಮಾವೇಶದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ನನ್ನ ವೃತ್ತಿ ವಿನ್ಯಾಸ. ಪುಸ್ತಕದ ಪುಟದಲ್ಲಿ, ಅಂಗಡಿಯ ಫಲಕದಲ್ಲಿ, ವಸ್ತುಸಂಗ್ರಹಾಲಯದ ಗೋಡೆಯಲ್ಲಿ ಅಕ್ಷರವೂ ಚಿತ್ರವೂ ಹೇಗೆ ಕೂರಬೇಕೆಂದು ಯೋಚಿಸುವುದು ನನ್ನ ಕೆಲಸ. ಆ ನಿಮಿತ್ತ ಹಲವು ಊರುಗಳನ್ನು ಸುತ್ತಿದ್ದೇನೆ. ಹೊಸ ಊರಿಗೆ ಕಾಲಿಟ್ಟಾಗ ನನ್ನ ಕಣ್ಣು ಮೊದಲು ಹುಡುಕುವುದು ಮನೆಗಳ ಮಾಡನ್ನು ಮತ್ತು ಬೀದಿಯ ಹೆಸರುಹಲಗೆಗಳನ್ನು. ಆ ಊರಿನ ಮಳೆ, ಬಿಸಿಲು, ಮಣ್ಣುಗಳ ಸಂಗತಿಯನ್ನು ಮಾಡು ಹೇಳುತ್ತದೆ. ಆ ಊರು ಯಾರನ್ನು ತನ್ನವರೆಂದು ಬಗೆದಿದೆ ಎಂಬುದನ್ನು ಹಲಗೆ ಹೇಳುತ್ತದೆ. ಈ ಎರಡು ವಿಚಾರಗಳನ್ನು ಇಂದು ತಮ್ಮ ಮುಂದೆ ನಿವೇದಿಸಬಯಸುತ್ತೇನೆ.

ಗುಜರಾತಿನ ಗಾಂಧಿನಗರದ ಸಮೀಪ ಅಡಾಲಜ್ ಎಂಬಲ್ಲಿ 1499ರಲ್ಲಿ ಪೂರ್ಣಗೊಂಡ ಮೆಟ್ಟಿಲುಬಾವಿಯೊಂದಿದೆ. ನೆಲದ ಮೇಲೆ ನಿಂತವನಿಗೆ ಅಲ್ಲಿ ಹೆಚ್ಚೇನೂ ಕಾಣದು. ಇಳಿಯುತ್ತ ಹೋದಂತೆ ಕೆತ್ತನೆಯ ಕಂಬಗಳ ಐದು ಅಂತಸ್ತುಗಳು ಭೂಮಿಯೊಳಗೆ ತೆರೆದುಕೊಳ್ಳುತ್ತವೆ. ಬಿಸಿಲು ಮೇಲೆಯೇ ಉಳಿಯುತ್ತದೆ, ಅಂತಸ್ತಿನಿಂದ ಅಂತಸ್ತಿಗೆ ತಂಪು ಏರುತ್ತದೆ. ನೀರು ಆಳದಲ್ಲಿರುವ ನಾಡು ತನ್ನ ಚೆಲುವಾದ ಕಟ್ಟಡವನ್ನು ಕೆಳಮುಖವಾಗಿ ಕಟ್ಟಿತು. ನೀರಿಗೆ ಬಂದವರಿಗೂ ದಾರಿಹೋಕರಿಗೂ ಅದೇ ತಂಗುದಾಣವಾಯಿತು.

ನಮ್ಮ ಕರಾವಳಿಯ ಪಾಡು ಇದಕ್ಕೆ ತದ್ವಿರುದ್ಧ. ಮಳೆಗಾಲದಲ್ಲಿ ಇಲ್ಲಿ ನೀರನ್ನು ತಲೆಯ ಮೇಲಿಂದ ಬೇಗನೆ ಇಳಿಸಬೇಕು. ಹಂಪಿಯ ಗುಡಿಗಳ ಕಲ್ಲಿನ ಮಾಡು ಸಮತಟ್ಟಾದುದು. ಅದೇ ವಿಜಯನಗರದ ಕಾಲದಲ್ಲಿ, 1430ರಲ್ಲಿ, ಮೂಡುಬಿದಿರೆಯ ಸಾವಿರ ಕಂಬದ ಬಸದಿಯನ್ನು ಕಟ್ಟಿದವರು ಕಲ್ಲಿನ ಹಾಸುಗಳನ್ನು ಹುಲ್ಲುಮನೆಯ ಮಾಡಿನಂತೆ ಇಳಿಜಾರಾಗಿ ಹೊದಿಸಿದರು. ಮೇಲಿನ ಅಂತಸ್ತುಗಳಿಗೆ ಮರವನ್ನೂ ತಾಮ್ರದ ತಗಡನ್ನೂ ಬಳಸಿದರು. ಒಕ್ಕಲಿನ ಮನೆಯ ರೂಪವನ್ನು ಬಸದಿಯೂ ಸಂಕೋಚವಿಲ್ಲದೆ ಧರಿಸಿತು.

ಇನ್ನು ಗೋಡೆಯ ಮಾತು. ನಮ್ಮ ಶಾಲೆಯ ಗೋಡೆ, ಬೇಕಲದ ಕೋಟೆ, ಈ ಕಾಸರಗೋಡಿನ ಹಳೆಯ ಬಾವಿಕಟ್ಟೆಗಳು ಎಲ್ಲವೂ ಮುರಕಲ್ಲಿನವು. ಕೋರೆಯಲ್ಲಿ ಕಡಿಯುವಾಗ ಮೆತ್ತಗಿದ್ದು, ಗಾಳಿಗೆ ತೆರೆದ ಮೇಲೆ ಗಟ್ಟಿಯಾಗುವುದು ಈ ಕಲ್ಲಿನ ಗುಣ. ಮೈಸೂರು, ಕನ್ನಡ ಜಿಲ್ಲೆ, ಮಲಬಾರುಗಳನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಮಲಬಾರಿನ ಅಂಗಡಿಪುರದಲ್ಲಿ ಇದನ್ನು ಗಮನಿಸಿದನು. ಸ್ಥಳೀಯರು ಇದನ್ನು ಇಟ್ಟಿಗೆಕಲ್ಲು ಎನ್ನುತ್ತಾರೆಂದು ಬರೆದುಕೊಂಡು, ಇಟ್ಟಿಗೆ ಎಂಬರ್ಥದ ಲ್ಯಾಟಿನ್ ಪದದಿಂದ ‘ಲ್ಯಾಟರೈಟ್’ ಎಂಬ ಹೆಸರನ್ನು 1807ರ ತನ್ನ ಪ್ರವಾಸಗ್ರಂಥದಲ್ಲಿ ಸೂಚಿಸಿದನು. ಇಂದು ಲೋಕದ ಭೂವಿಜ್ಞಾನಿಗಳೆಲ್ಲ ಬಳಸುವ ಆ ಶಬ್ದ, ನಮ್ಮ ಕಲ್ಲುಕುಟಿಗರ ಮಾತಿನ ಭಾಷಾಂತರವೇ ಆಗಿದೆ.

ಹಂಚಿನ ಕಥೆಯೂ ದೂರದ್ದಲ್ಲ. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದರು. ಒಂದರ ಅಂಚು ಇನ್ನೊಂದರ ಗಾಡಿಯಲ್ಲಿ ಕೂರುವ ಆ ಹಂಚು, ಮುಳಿಹುಲ್ಲು ಮತ್ತು ಸೋಗೆಯ ಮಾಡುಗಳಿಗೆ ಬದಲಿಯಾಯಿತು. ಗೋವಾದಲ್ಲೂ ಮುಂಬಯಿಯ ಹಳೆಯ ಕೇರಿಗಳಲ್ಲೂ ತಲೆಯೆತ್ತಿ ನೋಡಿದಾಗ ಅದೇ ಕೆಂಪು ಕಾಣುತ್ತದೆ. ಹಂಚನ್ನು ಮಗುಚಿದರೆ ಕಾರ್ಖಾನೆಯ ಹೆಸರು ಉಬ್ಬಕ್ಷರಗಳಲ್ಲಿ ಸಿಗುತ್ತದೆ. ಇದೇ ಮಿಷನ್ನಿನವರು 1841ರಲ್ಲಿ ಮಂಗಳೂರಿನಲ್ಲಿ ಅಚ್ಚುಕೂಟವನ್ನೂ ತೆರೆದಿದ್ದರು. 1843ರಲ್ಲಿ ಹೊರಟ ‘ಮಂಗಳೂರ ಸಮಾಚಾರ’ ಕಲ್ಲಚ್ಚಿನಲ್ಲಿ ಮುದ್ರಿತವಾದುದು. ಕಲ್ಲಚ್ಚಿನಲ್ಲಿ ಕೈಬರಹದ ಬಾಗುಬಳುಕುಗಳೆಲ್ಲ ಹಾಗೆಯೇ ಮೂಡುತ್ತವೆ. ಮೊಳೆಯಚ್ಚು ಬಂದ ಬಳಿಕ, ಸಾಲಿನ ಕೆಳಗಿಳಿಯುವ ಒತ್ತಕ್ಷರಕ್ಕೆ ಎಡೆ ಮಾಡಿಕೊಡುವುದೇ ಕನ್ನಡ ಮುದ್ರಣದ ದೊಡ್ಡ ಸಮಸ್ಯೆಯಾಯಿತು.

ಆ ಸಮಸ್ಯೆಯನ್ನು ಇಂದಿಗೂ ನಮ್ಮ ಬೀದಿಗಳಲ್ಲಿ ಕಾಣಬಹುದು. ಹಲವು ಲಿಪಿಗಳ ಫಲಕವನ್ನು ಇಂಗ್ಲಿಷಿನ ದೊಡ್ಡಕ್ಷರಗಳ ಅಳತೆಗೆ ಗೆರೆಹಾಕಿ ಸಿದ್ಧಪಡಿಸುತ್ತಾರೆ. ಇಂಗ್ಲಿಷಿನ ಆ ಅಕ್ಷರಗಳು ಒಂದೇ ಎತ್ತರದಲ್ಲಿ ನಿಲ್ಲುತ್ತವೆ. ಕನ್ನಡಕ್ಕೆ ಮೇಲೆ ಗುಡಿಸು, ಕೆಳಗೆ ಒತ್ತು ಎರಡೂ ಬೇಕು. ಆದ್ದರಿಂದ ಒತ್ತಕ್ಷರವು ಕೆಳಗಿನ ಸಾಲಿಗೆ ತಾಗುತ್ತದೆ, ಇಲ್ಲವೇ ಇಡೀ ಪದವೇ ಕುಗ್ಗುತ್ತದೆ. ಕನ್ನಡ ಬಾರದವರು ಬರೆದ ಕಡೆ ದೀರ್ಘ ಕಳೆದುಹೋಗುತ್ತದೆ, ಒತ್ತು ಬದಲಾಗುತ್ತದೆ. ದೊಡ್ಡವರು ನಕ್ಕು ಮುಂದೆ ಹೋಗುತ್ತೇವೆ. ಈಗಷ್ಟೇ ಓದಲು ಕಲಿತ ಮಗು ನಗುವುದಿಲ್ಲ. ತನ್ನ ಭಾಷೆಗೆ ಹೊರಗೆ ಇಷ್ಟೇ ಜಾಗ ಎಂದು ಅದು ಸುಮ್ಮನೆ ತಿಳಿದುಕೊಳ್ಳುತ್ತದೆ.

ಶಾಲೆಗೆ ಹೊಸ ಕಟ್ಟಡ ಬರಲಿದೆಯೆಂದು ಕೇಳಿ ಸಂತೋಷವಾಯಿತು. ಅದು ಬೇಕು. ಸೋರುವ ಮಾಡಿನಡಿ ಮಕ್ಕಳನ್ನು ಕೂರಿಸಿ ಎಂದು ಭಾಷಾಭಿಮಾನದ ಹೆಸರಿನಲ್ಲಿ ಹೆತ್ತವರನ್ನು ಕೇಳುವುದು ನ್ಯಾಯವಲ್ಲ. ನನ್ನ ವಿನಂತಿ ಇಷ್ಟೇ. ಹಳೆಯದನ್ನು ಕೆಡವುವ ಮೊದಲು ಏಳನೆಯ ತರಗತಿಯ ಮಕ್ಕಳ ಕೈಗೆ ಅಳತೆಪಟ್ಟಿ ಕೊಟ್ಟು ಗೋಡೆ, ಕಿಟಕಿ, ಜಗಲಿ, ಪಕಾಸುಗಳನ್ನೆಲ್ಲ ಅಳೆಯಿಸಿ ನಕಾಶೆ ಬರೆಯಿಸಿರಿ. ಇಳಿಸಿದ ಹಂಚುಗಳಲ್ಲಿ ಗಟ್ಟಿಯಿರುವವನ್ನು ಹೊಸ ಜಗಲಿಗಾದರೂ ಹೊದಿಸಿರಿ. ಹೊಸ ಹೆಬ್ಬಾಗಿಲಿಗೆ ಫ್ಲೆಕ್ಸ್ ಬೇಡ. ಅಕ್ಷರ ಬಲ್ಲ ಬರಹಗಾರನಿಂದ, ಒತ್ತಕ್ಷರಗಳ ಅಳತೆಗೆ ಸಾಲು ಬಿಡಿಸಿ, ಶಾಲೆಯ ಹೆಸರನ್ನು ಬಣ್ಣದಲ್ಲಿ ಬರೆಯಿಸೋಣ. ಅದರ ಖರ್ಚನ್ನು ನಮ್ಮ ತಂಡದ ಹಳೆವಿದ್ಯಾರ್ಥಿಗಳು ವಹಿಸುತ್ತೇವೆ.

ಒಂದನೆಯ ತರಗತಿಗೆ ಬರುವ ಮಗು ತಾನಾಗಿ ಓದುವ ಮೊದಲ ಸಾಲು ಬಹುಶಃ ಆ ಹಲಗೆಯದೇ ಆಗಿರುತ್ತದೆ. ಅದರಲ್ಲಿ ಒಂದು ಒತ್ತೂ ಇಕ್ಕಟ್ಟಿನಲ್ಲಿ ನಿಲ್ಲದಿರಲಿ.