ಸಿಗಡಿ ಸಾಕೋಕೆ ಮುಂಚೆ ನೀರು ಸಾಕಿ

ಸಿಗಡಿ ಅಂದ ತಕ್ಷಣ ಕರಾವಳಿಯವರಿಗೆ ಗಸಿ ನೆನಪಾಗುತ್ತೆ. ನಾನಿವತ್ತು ಹೇಳ್ತಿರೋ ಸಿಗಡಿ ತಿನ್ನೋಕಲ್ಲ. ಬೆಳೆದರೂ ಒಂದು ಇಂಚು, ಅಷ್ಟೇ. ಗಾಜಿನ ಟ್ಯಾಂಕಿನಲ್ಲಿ ಇಡೀ ದಿನ ಪಾಚಿ ಕೆರೆದು ತಿನ್ನೋ ಕೆಂಪು ಬಣ್ಣದ ಚೆರ್ರಿ ಶ್ರಿಂಪ್. ವೈಜ್ಞಾನಿಕ ಹೆಸರು ನಿಯೋಕ್ಯಾರಿಡಿನಾ ಡೇವಿಡಿ. ಮೂಲ ಚೀನಾ, ತೈವಾನ್ ಕಡೆಯ ಸಿಹಿನೀರು. ಅಲ್ಲಿ ಇದು ಮಾಸಲು ಕಂದು ಬಣ್ಣದ ಜೀವಿ. ಕೆಂಪು, ಹಳದಿ, ನೀಲಿ ಎಲ್ಲವೂ ಸಾಕಿದವರು ತಲೆಮಾರುಗಟ್ಟಲೆ ಆರಿಸಿ ಆರಿಸಿ ತಂದಿದ್ದು.

ರೀಲ್ಸ್ ನೋಡಿ ನಾನೂ ಹತ್ತು ಸಿಗಡಿ ತಂದೆ. ಬೆಳಗ್ಗೆ ಟ್ಯಾಂಕ್ ತಂದೆ, ಸಂಜೆ ಸಿಗಡಿ ಬಿಟ್ಟೆ. ನೀರು ಕನ್ನಡಿ ಥರ ಇತ್ತು. ವಾರ ಕಳೆಯೋದ್ರೊಳಗೆ ಉಳಿದಿದ್ದು ಎರಡು. ಅಂಗಡಿಯವರನ್ನ ಬೈಕೊಂಡೆ. ಆಮೇಲೆ ಗೊತ್ತಾಯ್ತು, ಕೊಂದಿದ್ದು ನಾನೇ.

ಸಿಗಡಿಯ ಮಲ, ಉಳಿದ ಆಹಾರ ಕೊಳೆತರೆ ಅಮೋನಿಯಾ ಆಗುತ್ತೆ. ಅದು ವಿಷ. ಒಂದು ಜಾತಿಯ ಬ್ಯಾಕ್ಟೀರಿಯಾ ಅದನ್ನ ನೈಟ್ರೈಟ್ ಮಾಡುತ್ತೆ, ಅದೂ ವಿಷವೇ. ಇನ್ನೊಂದು ಜಾತಿ ಅದನ್ನ ನೈಟ್ರೇಟ್ ಮಾಡುತ್ತೆ. ಇದು ಸ್ವಲ್ಪ ಪ್ರಮಾಣದಲ್ಲಿದ್ದರೆ ತೊಂದರೆ ಇಲ್ಲ. ಹೊಸ ಟ್ಯಾಂಕಿನಲ್ಲಿ ಈ ಬ್ಯಾಕ್ಟೀರಿಯಾಗಳೇ ಇರಲ್ಲ. ಅವು ಫಿಲ್ಟರ್, ಮರಳಿನಲ್ಲಿ ನೆಲೆಯಾಗೋಕೆ ನಾಲ್ಕರಿಂದ ಆರು ವಾರ ಬೇಕು. ಅಲ್ಲಿವರೆಗೆ ಖಾಲಿ ಟ್ಯಾಂಕಿಗೆ ಚಿಟಿಕೆ ಮೀನಿನ ಆಹಾರ ಹಾಕ್ತಾ ಕಾಯಬೇಕು. ಖಾಲಿ ನೀರಿಗೆ ಊಟ ಹಾಕೋದು ನೋಡಿ ಮನೆಯವರು ನಗ್ತಾರೆ, ನಗಲಿ. ಟೆಸ್ಟ್ ಕಿಟ್‌ನಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ತೋರಿಸಿ, ಗಾಜಿನ ಮೇಲೆ ತೆಳ್ಳಗೆ ಲೋಳೆ ಕಟ್ಟಿದ ಮೇಲೆ ಸಿಗಡಿ ತನ್ನಿ. ನಾವು ಕೊಳಕು ಅಂತ ಉಜ್ಜೋ ಆ ಲೋಳೆನೇ ಅವುಗಳ ಊಟ.

ಇನ್ನು ಬೆಂಗಳೂರಿನ ನೀರು. ಕಾವೇರಿ ನೀರಿನಲ್ಲಿ ಕ್ಲೋರಿನ್ ಇರುತ್ತೆ, ಅದಕ್ಕೆ ಡೀಕ್ಲೋರಿನೇಟರ್ ಹಾಕಲೇಬೇಕು. ಬೋರ್‌ವೆಲ್ ನೀರು ಸಾಮಾನ್ಯವಾಗಿ ಗಡಸು. ಕಾವೇರಿ, ಬೋರು, ಟ್ಯಾಂಕರ್ ಮೂರೂ ಒಂದೇ ಸಂಪಿಗೆ ಬೀಳೋ ಮನೆಗಳಲ್ಲಂತೂ ಈ ವಾರದ ನೀರು ಮುಂದಿನ ವಾರ ಇರಲ್ಲ. ಹಾಗಾದ್ರೆ ಆರ್‌ಒ ನೀರು ಶುದ್ಧ ಅಲ್ವಾ ಅಂತ ಕೇಳ್ತೀರಿ. ಶುದ್ಧನೇ, ಆದ್ರೆ ಅದರಲ್ಲಿ ಖನಿಜ ತೀರಾ ಕಮ್ಮಿ. ಸಿಗಡಿ ಬೆಳೀಬೇಕಂದ್ರೆ ಹಳೇ ಚಿಪ್ಪು ಕಳಚಿ ಹೊಸದು ಕಟ್ಟಬೇಕು, ಅದಕ್ಕೆ ಕ್ಯಾಲ್ಸಿಯಂ ಬೇಕು. ಆರ್‌ಒ ಬಳಸೋದಾದ್ರೆ ಸಿಗಡಿಗಂತಲೇ ಸಿಗೋ ಖನಿಜದ ಪುಡಿ ಬೆರೆಸಿ. ಒಂದೇ ಸಲ ಅರ್ಧ ಟ್ಯಾಂಕ್ ನೀರು ಬದಲಾಯಿಸಿದ್ರೆ ಚಿಪ್ಪು ಕಳಚೋವಾಗಲೇ ಸಿಕ್ಕಿಕೊಂಡು ಸಾಯಬಹುದು. ವಾರಕ್ಕೆ ಹತ್ತರಲ್ಲಿ ಒಂದು ಭಾಗ, ಅದೂ ನಿಧಾನಕ್ಕೆ. ಕಳಚಿದ ಚಿಪ್ಪು ಬಿದ್ದಿದ್ರೆ ತೆಗೀಬೇಡಿ, ಅವೇ ತಿಂದು ಮುಗಿಸ್ತವೆ.

ಮೀನಿನ ಔಷಧಿ ಹಾಕೋ ಮುಂಚೆ ಲೇಬಲ್ ಓದಿ. ತಾಮ್ರ ಇದ್ದರೆ ಬೇಡ. ಸೊಳ್ಳೆ, ಜಿರಳೆ ಸ್ಪ್ರೇ ಆ ರೂಮಿಗೇ ತರಬೇಡಿ. ಕೀಟಕ್ಕೆ ವಿಷ ಅಂದ್ರೆ ಸಿಗಡಿಗೂ ವಿಷವೇ.

ಎರಡನೇ ಸಲ ಆರು ವಾರ ಕಾದೆ. ಸ್ಪಾಂಜ್ ಫಿಲ್ಟರ್ ಹಾಕಿದೆ, ಅದಾದ್ರೆ ಮರಿಗಳನ್ನ ಎಳ್ಕೊಳ್ಳಲ್ಲ. ಒಂದು ಹಿಡಿ ಜಾವಾ ಮಾಸ್ ಇಟ್ಟೆ. ಮೀನು ಬಿಡಲಿಲ್ಲ, ಯಾಕಂದ್ರೆ ಬಾಯಿಗೆ ಹಿಡಿಸೋ ಮರಿಯನ್ನ ಯಾವ ಮೀನೂ ಬಿಡಲ್ಲ. ಒಂದಿನ ಗಂಡುಗಳೆಲ್ಲ ಹುಚ್ಚು ಹಿಡಿದ ಹಾಗೆ ಈಜಾಡೋಕೆ ಶುರು ಮಾಡಿದ್ವು. ಹೆಣ್ಣೊಂದು ಆಗಷ್ಟೇ ಚಿಪ್ಪು ಕಳಚಿದೆ, ಕೂಡೋ ಹೊತ್ತು ಅಂತ ಅದರ ಅರ್ಥ. ಮಾರನೇ ದಿನ ಅದರ ಹೊಟ್ಟೆ ಕೆಳಗೆ ಇಪ್ಪತ್ತು, ಮೂವತ್ತು ಮೊಟ್ಟೆ. ಸುಮಾರು ಒಂದು ತಿಂಗಳು ಅವನ್ನ ಹೊತ್ಕೊಂಡೇ ಕಾಲಿನಿಂದ ಗಾಳಿ ಬೀಸ್ತಾ ಇರುತ್ತೆ.

ನಾನು ಆಫೀಸಿನಲ್ಲಿದ್ದಾಗ ಅಮ್ಮ ಫೋನ್ ಮಾಡಿದ್ರು. "ಟ್ಯಾಂಕ್ ತುಂಬಾ ಹುಳ ಆಗಿವೆ ಕಣೋ, ನೀರು ಚೆಲ್ಲಿಬಿಡ್ಲಾ?" "ಅಮ್ಮಾ, ಮುಟ್ಟಬೇಡ!" ಅಂತ ಕೂಗಿದ್ದು ಇಡೀ ಫ್ಲೋರಿಗೆ ಕೇಳಿಸ್ತು. ಮನೆಗೆ ಬಂದು ಟಾರ್ಚ್ ಹಾಕಿ ನೋಡಿದ್ರೆ ಎರಡು ಮಿಲಿಮೀಟರ್ ಆಸುಪಾಸಿನ ಮರಿಗಳು, ಮೀಸೆ ಸಮೇತ. ಚೆರ್ರಿ ಸುಲಭ ಅನ್ನೋದು ಇದಕ್ಕೇ, ಮೊಟ್ಟೆಯಿಂದ ಬರೋವಾಗಲೇ ಪುಟ್ಟ ಸಿಗಡಿ. ಜಪಾನಿನ ತಕಾಶಿ ಅಮಾನೋ ಜನಪ್ರಿಯ ಮಾಡಿದ ಅಮಾನೋ ಸಿಗಡಿ ಹಾಗಲ್ಲ. ಅದರ ಮರಿಹುಳಗಳಿಗೆ ಉಪ್ಪುನೀರು ಬೇಕು, ಮನೇಲಿ ಮರಿ ಮಾಡಿಸೋದು ಕಷ್ಟ.

ಈಗ ಊಟದ ಜವಾಬ್ದಾರಿ ಅಮ್ಮಂದೇ. ಬೇಯಿಸಿದ ಪಾಲಕ್ ಎಲೆಯ ಚೂರು ಹಾಕ್ತಾರೆ, ಚೆನ್ನಾಗಿ ತೊಳೆದು. "ಪಾಪ, ಇಷ್ಟೇನಾ?" ಅಂತ ಇನ್ನೊಂದು ಚೂರು ಹಾಕೋಕೆ ಕೈ ಹೋಗುತ್ತೆ. ಒಂದೆರಡು ಗಂಟೆಯಲ್ಲಿ ಉಳಿದಿದ್ದನ್ನ ತೆಗೀದೇ ಇದ್ರೆ ಮತ್ತೆ ಅದೇ ಅಮೋನಿಯಾ ಕಥೆ.

ಬೇರೆ ಬೇರೆ ಬಣ್ಣದವನ್ನ ಒಂದೇ ಟ್ಯಾಂಕಿಗೆ ಹಾಕಬೇಡಿ, ಕೆಲವು ತಲೆಮಾರಿಗೆ ಮತ್ತೆ ಮಾಸಲು ಕಂದು ಬಂದುಬಿಡುತ್ತೆ. ಜಾಸ್ತಿ ಆದವನ್ನ ಕೆರೆಗೆ ಮಾತ್ರ ಬಿಡಬೇಡಿ, ಜರ್ಮನಿ, ಪೋಲೆಂಡ್‌ನಲ್ಲಿ ಬೆಚ್ಚಗಿನ ಹೊರನೀರಿನಲ್ಲಿ ಇವು ಆಗಲೇ ನೆಲೆ ಕಂಡುಕೊಂಡಿವೆ. ಫ್ರೆಂಡ್ಸ್‌ಗೆ ಕೊಡಿ. ಆದ್ರೆ ಮೊದಲು ಅವರ ಟ್ಯಾಂಕಿಗೆ ಎಷ್ಟು ವಾರ ಆಯ್ತು ಅಂತ ಕೇಳಿ. ನಾನಂತೂ ಟೆಸ್ಟ್ ಕಿಟ್‌ನ ಫೋಟೋ ವಾಟ್ಸಾಪ್ ಮಾಡಿ ಅಂತೀನಿ. ಇಬ್ಬರು ಬೇಜಾರು ಮಾಡ್ಕೊಂಡಿದ್ದಾರೆ, ಮೂರನೆಯವನ ಟ್ಯಾಂಕಿನಲ್ಲಿ ಹೋದ ವಾರ ಮೊಟ್ಟೆ ಕಾಣಿಸಿದೆ.

ಮುಂದಿನ ಸಂಚಿಕೆಯಲ್ಲಿ ಸಿಗೋಣ.