ಓಟದ ವೇಗ, ತೀರ್ಪಿನ ನ್ಯಾಯ



ಕಂಬಳದ ಕರೆಯಲ್ಲಿ ಯಾವ ಜೋಡಿ ಮೊದಲು ಮಂಜೊಟ್ಟಿ ಮುಟ್ಟಿತೆಂಬ ವಾದ ಕಾಸರಗೋಡಿನವರಾದ ನಮಗೆ ಹೊಸದಲ್ಲ. ಇಂದು ನಾವು ಆಡಬಯಸುವ ಮಾತೂ ಅಂಥದೇ ವಾದವನ್ನು ಕುರಿತದ್ದು. ಆದರೆ ಇಲ್ಲಿ ಓಡುವವು ಕೋಣಗಳಲ್ಲ. ನಮ್ಮ ಮನೆಗಳ ತರುಣರು ಭಾನುವಾರಗಳಲ್ಲಿ ಟೀವಿಯ ಮುಂದೆ ಕುಳಿತು ನೋಡುವ ಫಾರ್ಮುಲಾ ಒನ್ ಕಾರುಗಳು.

ಗಂಟೆಗೆ 300 ಕಿಲೋಮೀಟರು ವೇಗದ ಕಾರು ಒಂದು ಸೆಕೆಂಡಿನಲ್ಲಿ 83 ಮೀಟರು ಸಾಗುತ್ತದೆ. ಇಂಥ ಆಟದ ತೀರ್ಪೂ ಬೇಗನೆ ಬರಬೇಕೆಂಬುದು ನಿಜ. ಆದರೆ ವೇಗ ಬೇರೆ, ಆತುರ ಬೇರೆ.

2021ರ ಡಿಸೆಂಬರ್ 12ರಂದು ಅಬುಧಾಬಿಯಲ್ಲಿ ಆ ವರ್ಷದ ಕೊನೆಯ ಪಂದ್ಯ ನಡೆಯಿತು. ಲೂಯಿಸ್ ಹ್ಯಾಮಿಲ್ಟನ್, ಮ್ಯಾಕ್ಸ್ ವರ್ಸ್ಟಾಪನ್ ಇಬ್ಬರ ಅಂಕಗಳೂ ಸಮವಾಗಿದ್ದುವು. ಕೆಲವೇ ಸುತ್ತುಗಳು ಉಳಿದಿರುವಾಗ ಒಂದು ಕಾರು ಅಪಘಾತಕ್ಕೀಡಾಯಿತು. ಸುರಕ್ಷತಾ ಕಾರು ಬಂದು ಎಲ್ಲರ ವೇಗವನ್ನು ತಗ್ಗಿಸಿತು. ಒಂದು ಸುತ್ತು ಹಿಂದುಳಿದಿದ್ದ ಎಂಟು ಕಾರುಗಳಲ್ಲಿ, ಈ ಇಬ್ಬರ ನಡುವಿದ್ದ ಐದನ್ನು ಮಾತ್ರ ಪಂದ್ಯದ ನಿರ್ದೇಶಕ ಮೈಕೆಲ್ ಮಾಸಿ ಮುಂದೆ ಬಿಟ್ಟರು. ನಿಯಮದಲ್ಲಿದ್ದುದಕ್ಕಿಂತ ಒಂದು ಸುತ್ತು ಮೊದಲೇ ಸ್ಪರ್ಧೆಯನ್ನು ಮತ್ತೆ ಆರಂಭಿಸಿದರು. ಹೊಸ ಟೈರುಗಳಿದ್ದ ವರ್ಸ್ಟಾಪನ್ ಕೊನೆಯ ಸುತ್ತಿನಲ್ಲಿ ಗೆದ್ದು ವಿಶ್ವವಿಜೇತರಾದರು. ಮಾಸಿಯವರು ಸದ್ಭಾವನೆಯಿಂದಲೇ ನಡೆದರೆಂದೂ, ಆದರೂ ಮಾನವದೋಷ ಘಟಿಸಿತೆಂದೂ ಎಫ್‌ಐಎ ಸಂಸ್ಥೆಯ ವರದಿ 2022ರ ಮಾರ್ಚಿನಲ್ಲಿ ಹೇಳಿತು. ಫಲಿತಾಂಶ ಮಾತ್ರ ಬದಲಾಗಲಿಲ್ಲ. ಇದು ಆತುರದ ಫಲ.

ವಿಳಂಬದ ಫಲವನ್ನೂ ನೋಡೋಣ. 2023ರ ಜುಲೈಯಲ್ಲಿ ಆಸ್ಟ್ರಿಯದ ಪಂದ್ಯದಲ್ಲಿ, ಕಾರುಗಳು ಓಣಿಯ ಬಿಳಿಗೆರೆ ದಾಟಿರಬಹುದಾದ 1,200ಕ್ಕೂ ಹೆಚ್ಚು ಪ್ರಸಂಗಗಳು ವರದಿಯಾದುವು. ಒಂದೊಂದನ್ನೂ ಚಿತ್ರದಲ್ಲಿ ನೋಡಿ ನಿರ್ಣಯಿಸುವುದು ಆಟ ನಡೆಯುವಾಗ ಸಾಧ್ಯವಾಗಲಿಲ್ಲ. ಪಂದ್ಯ ಮುಗಿದು ಹಲವು ಗಂಟೆಗಳಾದ ಮೇಲೆ ಎಂಟು ಮಂದಿ ಚಾಲಕರಿಗೆ ದಂಡ ಬಿತ್ತು. ನಾಲ್ಕನೆಯವರಾಗಿ ಮುಗಿಸಿದ್ದ ಕಾರ್ಲೋಸ್ ಸೈನ್ಸ್ ಆರನೆಯವರಾದರು. ಆ ವೇಳೆಗೆ ಪ್ರೇಕ್ಷಕರು ಮನೆಗೆ ಮರಳಿದ್ದರು.

ಮರುವರ್ಷ ಅಲ್ಲಿ ಮಾಡಿದ್ದೇನು? ಹೆಚ್ಚು ತೊಂದರೆಯಿದ್ದ ಕೊನೆಯ ಎರಡು ತಿರುವುಗಳ ಅಂಚಿನಲ್ಲಿ ಜಲ್ಲಿಯ ಪಟ್ಟಿ ಹಾಸಿದರು. ಗೆರೆ ಮೀರಿದವನ ವೇಗ ತಾನಾಗಿಯೇ ಕುಂದುವುದರಿಂದ ಉಲ್ಲಂಘನೆ ಬಹಳ ಇಳಿಯಿತು. ತೀರ್ಪನ್ನು ದಾರಿಯೇ ಆ ಕ್ಷಣದಲ್ಲಿ ಕೊಟ್ಟಿತು. ಆ ತಿರುವುಗಳಲ್ಲಿ ವಾದಕ್ಕೆ ಎಡೆ ಕಡಿಮೆಯಾಯಿತು.

ಇದರಿಂದ ನಾವು ತಿಳಿಯಬೇಕಾದುದಿಷ್ಟೆ: ತೀರ್ಪಿನ ವೇಗ ಹುಟ್ಟುವುದು ಪಂದ್ಯಕ್ಕೆ ಮುಂಚಿನ ಸಿದ್ಧತೆಯಲ್ಲಿ. ದಾರಿಯೇ ತಡೆಯಬಲ್ಲ ತಪ್ಪನ್ನು ದಾರಿಗೆ ಬಿಡಬೇಕು. ಎಣಿಕೆಯ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಬೇಕು. ಇಬ್ಬರು ಚಾಲಕರು ತಿರುವಿನಲ್ಲಿ ತಗುಲಿಕೊಂಡಾಗ ತಪ್ಪು ಯಾರದೆಂದು ಅಳೆಯುವ ವಿವೇಕ ಮಾತ್ರ ಮನುಷ್ಯನದು. ಅಂಥ ಕೆಲಸಕ್ಕೆ ಅವನ ಕಣ್ಣೂ ಮನಸ್ಸೂ ಬಿಡುವಾಗಿರಬೇಕು. ತೀರ್ಪುಗಾರರ ಮಂಡಳಿ ಪಂದ್ಯದಿಂದ ಪಂದ್ಯಕ್ಕೆ ಬದಲಾಗುವುದರಿಂದ, ಒಂದೇ ತಪ್ಪಿಗೆ ಒಂದೊಂದು ಕಡೆ ಒಂದೊಂದು ದಂಡವೆಂಬ ದೂರು ಬಹುಕಾಲದ್ದು. ದಂಡಗಳ ಮಾರ್ಗಸೂಚಿಯನ್ನು 2025ರಲ್ಲಿ ಎಲ್ಲರೂ ಓದುವಂತೆ ಪ್ರಕಟಿಸಿದುದು ಆದಕಾರಣ ಸರಿಯಾದ ಹೆಜ್ಜೆ. ಮೊದಲೇ ತಿಳಿದ ನಿಯಮ ಚಾಲಕನಿಗೂ ರಕ್ಷೆ, ತೀರ್ಪುಗಾರನಿಗೂ ರಕ್ಷೆ.

ಗೆದ್ದವನು ಯಾವ ತೀರ್ಪನ್ನಾದರೂ ಒಪ್ಪಿಯಾನು. ಸೋತವನು ‘ಸೋತೆ, ಆದರೆ ಅನ್ಯಾಯವಾಗಲಿಲ್ಲ’ ಎಂದು ಹೇಳುವಂತಿದ್ದರೆ ಮಾತ್ರ ಅದು ತೀರ್ಪು. ನಮ್ಮ ಶಾಲೆಯ ಬಯಲಿನಲ್ಲಿ ಓಡುವ ಮಕ್ಕಳಿಗೂ ಈ ಮಾತು ಸಲ್ಲುತ್ತದೆ.