ಸೇಂಟ್ ಜೇಮ್ಸ್: ಕೈದಿ ಕಟ್ಟಿದ ಚರ್ಚು

ಊಟಕ್ಕೆ ಮುಂಚೆ ಹತ್ತು ನಿಮಿಷ ಮಾತನಾಡಿ ಎಂದು ಸಮಿತಿಯವರು ಕೇಳಿದಾಗ ದೇಣಿಗೆಯ ಬಗ್ಗೆ ಹೇಳಬೇಕೇನೋ ಅಂದುಕೊಂಡೆ. ಅದನ್ನು ನಮ್ಮ ಖಜಾಂಚಿಗಳು ನನಗಿಂತ ಚೆನ್ನಾಗಿ ಹೇಳುತ್ತಾರೆ. ನಾನು ಒಂದು ಚರ್ಚಿನ ಕಥೆ ಹೇಳುತ್ತೇನೆ.

ಸಿಡ್ನಿ ಪೇಟೆಯಲ್ಲಿ ಕೆಲಸ ಮಾಡುವವರಿಗೆ ಸೇಂಟ್ ಜೇಮ್ಸ್ ಸ್ಟೇಷನ್ ಗೊತ್ತು. 1926ರಲ್ಲಿ ತೆರೆದ ಆ ನೆಲದಡಿಯ ಸ್ಟೇಷನ್ನಿಗೆ ಹೆಸರು ಕೊಟ್ಟದ್ದು ಮೇಲಿರುವ ಆಂಗ್ಲಿಕನ್ ಚರ್ಚು. ವರ್ಷಗಟ್ಟಲೆ ಅದರ ಮುಂದೆಯೇ ಓಡಾಡಿದರೂ ನಾನು ಒಳಗೆ ಕಾಲಿಟ್ಟಿರಲಿಲ್ಲ. ಒಂದು ದಿನ ಜೋರು ಮಳೆ, ಕೈಯಲ್ಲಿ ಕೊಡೆ ಇಲ್ಲ, ಒಳಗೆ ಹೋದೆ. ಆಮೇಲೆ ಮನೆಗೆ ಬಂದು ಓದಲು ಶುರುಮಾಡಿದೆ.

ಇದರ ನಕ್ಷೆ ಬರೆದವನು ಫ್ರಾನ್ಸಿಸ್ ಗ್ರೀನ್‌ವೇ. ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ವಾಸ್ತುಶಿಲ್ಪಿಯಾಗಿದ್ದವನು, ದಿವಾಳಿಯಾಗಿ ಒಂದು ಕರಾರುಪತ್ರವನ್ನು ಖೋಟಾ ಮಾಡಿ ಸಿಕ್ಕಿಬಿದ್ದ. 1812ರಲ್ಲಿ ಮರಣದಂಡನೆ ಆಯಿತು. ಅದನ್ನು ಹದಿನಾಲ್ಕು ವರ್ಷದ ಗಡೀಪಾರಿಗೆ ಇಳಿಸಿ ಹಡಗು ಹತ್ತಿಸಿದರು. 1814ರಲ್ಲಿ ಸಿಡ್ನಿಗೆ ಬಂದ.

ಆಗ ಇಲ್ಲಿ ಗವರ್ನರ್ ಆಗಿದ್ದವನು ಲಾಕ್ಲನ್ ಮಕ್ವಾರಿ. ಶಿಕ್ಷೆ ಮುಗಿಸಿದವನನ್ನು ಮತ್ತೆ ಹಳೆಯ ತಪ್ಪು ಹಿಡಿದು ಅಳೆಯಬಾರದು ಎನ್ನುವುದು ಅವನ ನಿಲುವು. ಅಂಥವರನ್ನು ಮ್ಯಾಜಿಸ್ಟ್ರೇಟ್ ಮಾಡಿದ, ತನ್ನ ಊಟದ ಮೇಜಿಗೂ ಕರೆದ. ದೊಡ್ಡಮನುಷ್ಯರು ಮುಖ ಸಿಂಡರಿಸಿದರು. ಗ್ರೀನ್‌ವೇಗಂತೂ ಶಿಕ್ಷೆಯೇ ಮುಗಿದಿರಲಿಲ್ಲ. ಆದರೂ 1816ರಲ್ಲಿ ಅವನನ್ನು ಸರ್ಕಾರಿ ವಾಸ್ತುಶಿಲ್ಪಿ ಮಾಡಿಕೊಂಡ, ದಿನಕ್ಕೆ ಮೂರು ಶಿಲಿಂಗ್ ಸಂಬಳ. ದಕ್ಷಿಣ ಹೆಡ್‌ನ ದೀಪಸ್ತಂಭ ಕಟ್ಟಿದ್ದನ್ನು ಮೆಚ್ಚಿ ಕ್ಷಮಾದಾನವನ್ನೂ ಕೊಟ್ಟ.

1819ರ ಅಕ್ಟೋಬರ್‌ನಲ್ಲಿ ಈ ಕಟ್ಟಡಕ್ಕೆ ಅಡಿಗಲ್ಲು ಬಿದ್ದಾಗ ಅದು ಚರ್ಚಾಗಿರಲಿಲ್ಲ, ಕೋರ್ಟ್ ಆಗಬೇಕಿತ್ತು! ಅಷ್ಟರಲ್ಲಿ ಲಂಡನ್ನಿನಿಂದ ಬಿಗ್ಗೆ ಎಂಬ ವಿಚಾರಣಾಧಿಕಾರಿ ಬಂದಿದ್ದ. ಅವನಿಗೆ ಮಕ್ವಾರಿಯ ಖರ್ಚೂ ಹಿಡಿಸಲಿಲ್ಲ, ಕೈದಿಗಳ ಮೇಲಿನ ಮಮತೆಯೂ ಹಿಡಿಸಲಿಲ್ಲ. ಜಾರ್ಜ್ ಸ್ಟ್ರೀಟಿನಲ್ಲಿ ಕಟ್ಟಬೇಕೆಂದಿದ್ದ ಕೆಥೀಡ್ರಲ್ ನಿಂತಿತು, ಕೋರ್ಟನ್ನು ಚರ್ಚು ಮಾಡಿ ಎಂದಾಯಿತು. ನಮ್ಮ ವೃತ್ತಿಯಲ್ಲಿರುವವರಿಗೆ ಈ ಸಂಕಟ ವಿವರಿಸಬೇಕಿಲ್ಲ, ಅರ್ಧ ಕೋಡ್ ಬರೆದಾದ ಮೇಲೆ ರಿಕ್ವೈರ್‌ಮೆಂಟ್ ಬದಲಾದಂತೆ. ಗ್ರೀನ್‌ವೇ ಗೋಪುರ ಸೇರಿಸಿ, ತಾಮ್ರ ಹೊದಿಸಿದ ಶಿಖರ ಏರಿಸಿದ. ಇಟ್ಟಿಗೆಯ ಗೋಡೆಗಳನ್ನು ಎಬ್ಬಿಸಿದ ಕೈಗಳೂ ಕೈದಿಗಳವೇ. ಎದುರಿಗಿರುವ ಹೈಡ್ ಪಾರ್ಕ್ ಬ್ಯಾರಕ್ಸ್, ಅದೂ ಗ್ರೀನ್‌ವೇಯದೇ, ಅವರ ವಸತಿ. 1824ರ ಫೆಬ್ರವರಿಯಲ್ಲಿ ಚರ್ಚಿನ ಪ್ರತಿಷ್ಠೆಯಾಯಿತು. ಬ್ಯಾರಕ್ಸ್‌ನ ಕೈದಿಗಳನ್ನು ಇಲ್ಲಿಗೇ ಪ್ರಾರ್ಥನೆಗೆ ಕರೆತರುತ್ತಿದ್ದರು.

ಗ್ರೀನ್‌ವೇ ಸಾಧುವೇನಲ್ಲ. ಜಗಳಗಂಟ, ಜಂಬದವನು. ಕೊನೆಗೆ ಮಕ್ವಾರಿಯ ಜೊತೆಯೂ ಶುಲ್ಕಕ್ಕಾಗಿ ಜಗಳವಾಡಿದ. 1822ರಲ್ಲಿ ಕೆಲಸ ಹೋಯಿತು, 1837ರಲ್ಲಿ ಬಡತನದಲ್ಲಿ ಸತ್ತ. ಈಸ್ಟ್ ಮೇಟ್‌ಲೆಂಡಿನಲ್ಲಿ ಹೂತರು, ಗೋರಿಗೆ ಗುರುತು ಕಲ್ಲೂ ಇಲ್ಲ.

ಇದನ್ನು ಓದುವಾಗ ನಮ್ಮ ಸಮಿತಿಯ ಸಭೆಗಳು ನೆನಪಾದವು. ಅರ್ಜಿ ಬಂದಾಗ ‘ಇವರು ಯೋಗ್ಯರೇ? ಹಿಂದೆ ಏನಾದರೂ ತಕರಾರು ಇತ್ತೇ?’ ಎಂದು ಮೊದಲು ಕೇಳುವವನು ನಾನೇ. ಲೆಕ್ಕ ಕೇಳುವುದು ತಪ್ಪಲ್ಲ, ಇದು ನಿಮ್ಮ ದುಡ್ಡು. ಆದರೆ ಆ ಮೇಜಿನಲ್ಲಿ ನಾನು ಕೂತಿದ್ದು, ಗ್ರೀನ್‌ವೇಯ ಅರ್ಜಿ ಬಂದಿದ್ದರೆ, ಖಂಡಿತ ತಿರಸ್ಕರಿಸುತ್ತಿದ್ದೆ.

1966ರಲ್ಲಿ ಆಸ್ಟ್ರೇಲಿಯಾ ಡಾಲರ್‌ಗೆ ಬದಲಾದಾಗ ಹತ್ತು ಡಾಲರ್ ನೋಟಿನ ಮೇಲೆ ಅಚ್ಚಾದ ಮುಖ ಯಾರದು ಗೊತ್ತೇ? ಖೋಟಾ ಮಾಡಿ ಗಡೀಪಾರಾದ ಇದೇ ಗ್ರೀನ್‌ವೇಯದು. 1993ರವರೆಗೂ ಅದು ಅಚ್ಚಾಗುತ್ತಿತ್ತು. ನಿಮ್ಮಲ್ಲಿ ಮೊದಲು ಬಂದವರು ಅವನನ್ನು ಜೇಬಿನಲ್ಲಿಟ್ಟುಕೊಂಡೇ ಓಡಾಡಿದ್ದೀರಿ.